ಬಸ್ಸಿಗೊಂದು ಬಾಗಿಲು

ಮನೆ ಇಲ್ಲದವರಿಗೆ ಮನೆ ಕೊಡಿಸುವುದು ನನ್ನ ಕೆಲಸ. ಅದಕ್ಕಿಂತ ಕಷ್ಟದ ಕೆಲಸವೆಂದರೆ ಅವರಿಗೆ ಮನೆ ಇಲ್ಲ ಎಂದು ರುಜುವಾತು ಮಾಡುವುದು. ಪೇಟೆಯಲ್ಲಾದರೆ ಫುಟ್‌ಪಾತಿನ ಮೇಲೆ ಮಲಗಿರುತ್ತಾರೆ, ಕಣ್ಣಿಗೆ ಕಾಣುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಒಬ್ಬ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ, ಒಬ್ಬಳು ಅಕ್ಕನ ಜಗಲಿಯಲ್ಲಿ. ಕೇಳಿದರೆ, "ಸುಮ್ನೆ ನಾಲ್ಕು ದಿನಕ್ಕೆ ಬಂದಿದ್ದೀನಿ" ಅನ್ನುತ್ತಾರೆ. ಆ ನಾಲ್ಕು ದಿನ ಶುರುವಾಗಿ ಮೂರು ವರ್ಷ ಆಗಿರುತ್ತದೆ.

ನಮ್ಮ ಡ್ರೈವರಣ್ಣನದೂ ಅದೇ ಕಥೆ. ಇಪ್ಪತ್ತೆರಡು ವರ್ಷ ಈ ಊರಿಗೆ ಬಸ್ಸು ಓಡಿಸಿದವನು. ಎಂಟು ತಿಂಗಳ ಹಿಂದೆ ಬಾಡಿಗೆ ಮನೆಯ ಗೋಡೆ ಕುಸಿದಾಗ ಹೆಂಡತಿ ತನ್ನ ತಂಗಿಯ ಮನೆ ಸೇರಿದಳು. ಇವನು ಹಿಟ್ಟಿನ ಗಿರಣಿಯ ಹಿಂದೆ ಗುಜರಿಯಾಗಿ ನಿಂತಿದ್ದ ತನ್ನ ಹಳೇ ಬಸ್ಸನ್ನು ಸೇರಿದ. ಆ ಬಸ್ಸಿಗೆ ಚಕ್ರವಿಲ್ಲ, ಬಾಗಿಲಿಲ್ಲ, ಅರ್ಧ ಕಿಟಕಿಗೆ ಗಾಜಿಲ್ಲ. ಯಾರಾದರೂ ವಿಚಾರಿಸಿದರೆ, "ಬಸ್ ಕಾಯ್ತಾ ಇದ್ದೀನಪ್ಪ, ಕಳ್ಳರ ಕಾಟ" ಅನ್ನುತ್ತಿದ್ದ. ಆ ಬಸ್ಸನ್ನು ಕದಿಯುವ ಕಳ್ಳ ಇನ್ನೂ ಹುಟ್ಟಬೇಕು.

ನಮ್ಮ ವಸತಿ ನೆರವು ಕೇಂದ್ರ ಕಟ್ಟಿಸಿದ ಆರು ಮನೆಗಳಲ್ಲಿ ಒಂದೇ ಒಂದು ಉಳಿದಿತ್ತು, ಅದಕ್ಕೆ ಡ್ರೈವರಣ್ಣನಿಂದ ಅರ್ಜಿ ಹಾಕಿಸಿದ್ದೆ. ತಪಾಸಣೆಯ ಸಾಹೇಬರು ಬಂದು, ಅರ್ಜಿದಾರ ಮಲಗುವ ಜಾಗ ನೋಡಿ, ಫಾರಂ ತುಂಬಬೇಕು. ಬಾಗಿಲು ಇದೆಯೇ? ಒಲೆ ಇದೆಯೇ? ಮಂಚ ಇದೆಯೇ? ದೀಪ ಇದೆಯೇ? ಮೂರಕ್ಕೆ 'ಹೌದು' ಬಿದ್ದರೆ ಅದು ಮನೆ ಎಂದು ಲೆಕ್ಕ. ಅರ್ಜಿ ವಜಾ, ಉಳಿದ ಮನೆ ಪಕ್ಕದೂರಿನವರ ಪಾಲು.

ನಾನು ಮಾಡಿದ ತಪ್ಪು ಒಂದೇ. ಹಿಂದಿನ ದಿನ ಗಿರಣಿಯಕ್ಕನಿಗೆ, "ನಾಳೆ ಸಾಹೇಬ್ರು ಡ್ರೈವರಣ್ಣ ಇರೋ ಜಾಗ ನೋಡೋಕೆ ಬರ್ತಾರೆ" ಎಂದು ಹೇಳಿ ಬಂದೆ. ಯಾಕೆ ಬರುತ್ತಾರೆ ಎಂದು ಬಿಡಿಸಿ ಹೇಳಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಜೊತೆ ಹೋದವಳು ದಾರಿಯಲ್ಲೇ ನಿಂತುಬಿಟ್ಟೆ. ಬಸ್ಸು ತೊಳೆದು ಫಳಫಳ. ಕಿಟಕಿಗಳಿಗೆ ಹೂವಿನ ಪರದೆ, ಮೆಟ್ಟಿಲ ಎರಡೂ ಕಡೆ ಹೂಕುಂಡ, ಕೆಳಗೆ ಕಾಲೊರಸು. ಬಾಗಿಲಿಲ್ಲದ ಕಡೆ ಚಿಲಕ ಸಮೇತ ನೀಲಿ ಬಣ್ಣದ ಬಾಗಿಲು! ಒಳಗೆ ಮಂಚ, ಸ್ಟೌವು, ಅದರ ಮೇಲೆ ಕುದಿಯುವ ಟೀ, ತಲೆಯ ಮೇಲೆ ಉರಿಯುವ ಬಲ್ಬು. ಹಿಂದಿನ ಸೀಟಿನಲ್ಲಿ ಡ್ರೈವರಣ್ಣನ ಹೆಂಡತಿ. ತಪಾಸಣೆಗೆಂದೇ ಬೆಳಗಿನ ಬಸ್ಸಿಗೆ ಬಂದವಳು ಚೀಲವನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಇಡೀ ಓಣಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಗೆ ನಿಂತಿತ್ತು.

"ಹೇಗಿದೆ ತಂಗಿ?" ಗಿರಣಿಯಕ್ಕ ನನ್ನ ಕಿವಿಯಲ್ಲಿ ಕೇಳಿದಳು. "ನಸುಕಲ್ಲೇ ಎದ್ದು ಉಜ್ಜಿದ್ದೀವಿ. ಬಂದವರ ಮುಂದೆ ಊರಿನ ಮಾನ ಹೋಗಬಾರದಲ್ಲ!"

"ಊರಿನ ಮಾನ ಉಳೀತು ಬಿಡಕ್ಕ, ಅಣ್ಣನ ಮನೆ ಹೋಯ್ತು" ಎಂದು ಹಲ್ಲು ಕಡಿದೆ. ವಿಷಯ ತಿಳಿಸಿದ ಮೇಲೆ ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅಷ್ಟರಲ್ಲಿ ಸಾಹೇಬರು ಒಳಗೆ ಹೋಗಿ ಪೆನ್ನು ತೆಗೆದಿದ್ದರು. "ನಮ್ಮ ಕ್ವಾರ್ಟರ್ಸಿಗಿಂತ ಚೆನ್ನಾಗಿದೆಯಲ್ರೀ!" ಬಾಗಿಲು, ಹೌದು. ಒಲೆ, ಹೌದು. "ಇದು ನಿಮ್ಮ ಮನೆಯೇನ್ರೀ?"

ಡ್ರೈವರಣ್ಣ ಸಾಹೇಬರನ್ನು ನೋಡಿದ. ಬಾಗಿಲು ಕೂರಿಸಿ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಬಡಗಿಯನ್ನು ನೋಡಿದ. ಗಿರಣಿಯಕ್ಕನನ್ನು ನೋಡಿದ. ನಾನು ಕಣ್ಣು ಮಿಟುಕಿಸಿದೆ, ತಲೆ ಅಲ್ಲಾಡಿಸಿದೆ, ಕೊನೆಗೆ ಅವನ ಕಾಲನ್ನೂ ತುಳಿದೆ.

"ಹೌದು ಸಾರ್, ನಮ್ಮನೆ" ಅಂದುಬಿಟ್ಟ ಪುಣ್ಯಾತ್ಮ. "ಬನ್ನಿ, ಕೂತ್ಕೊಳ್ಳಿ, ಟೀ ಕುಡೀರಿ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕಟ್ಟಿದವರು ಇವನನ್ನು ನೋಡಿಯೇ ಕಟ್ಟಿರಬೇಕು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಆಗ ಬಡಗಿಯ ಹೆಂಡತಿ ಏದುಸಿರು ಬಿಡುತ್ತಾ ಬಂದಳು. "ರೀ, ಬಾಗಿಲು ಬಿಚ್ಕೊಡ್ರೀ! ನಿಮ್ಮಮ್ಮ ಸ್ನಾನಕ್ಕೆ ಹೋಗ್ಬೇಕಂತೆ. ಬೆಳಿಗ್ಗೆಯಿಂದ ಟವೆಲ್ ಹಿಡ್ಕೊಂಡು ನಿಂತ್ಕೊಂಡು ನನ್ನ ಬೈತಾ ಇದ್ದಾರೆ."

"ಇದು ಯಾವ ಬಾಗಿಲಮ್ಮ?" ಎಂದರು ಸಾಹೇಬರು.

"ನಮ್ಮ ಬಚ್ಚಲದು ಸಾರ್."

ಬಡಗಿ ಯಾರ ಮುಖವನ್ನೂ ನೋಡದೆ ಸ್ಕ್ರೂ ಬಿಚ್ಚತೊಡಗಿದ. ಗಿರಣಿಯಕ್ಕನಿಗೆ ಹೋದ ಜೀವ ಬಂದಂತಾಯಿತು. "ಸ್ಟೌ ನಂದು ಸಾರ್! ಮಂಚಾನೂ ನಂದೇ! ಕರೆಂಟು ಗಿರಣಿದು, ನೋಡಿ, ಕಿತ್ತೆ!" ಬಲ್ಬು ಆರಿತು. ಪರದೆ ಕೊಟ್ಟವರು ಪರದೆ ಎಳೆದರು, ಕುಂಡ ಕೊಟ್ಟವರು ಕುಂಡ ಎತ್ತಿಕೊಂಡರು.

ಸಾಹೇಬರಿಗೆ ರೇಗಿತು. "ಏನಿದು ನಾಟಕ? ಅವರು ಮನೆ ಅಂತಾರೆ, ನೀವು ಅಲ್ಲ ಅಂತೀರಿ. ನನಗೆ ಅರ್ಜಿದಾರರ ಬಾಯಿಂದ ಬಂದ ಮಾತೇ ಲೆಕ್ಕ." ಪೆನ್ನು ಮತ್ತೆ ಫಾರಂ ಮೇಲೆ ಇಳಿಯಿತು.

ಹಿಂದಿನ ಸೀಟಿನಿಂದ ಹೆಂಡತಿ ಎದ್ದಳು.

"ಇದು ಮನೆ ಆಗಿದ್ರೆ, ಎಂಟು ತಿಂಗಳಿಂದ ನಾನ್ಯಾಕ್ರೀ ತಂಗಿ ಅಡುಗೆಮನೇಲಿ ಮಲಗ್ತಾ ಇದ್ದೀನಿ? ಅವಳ ಗಂಡ ನೀರು ಕುಡಿಯೋಕೆ ಬಂದಾಗಲೆಲ್ಲ ಹಾಸಿಗೆ ಸುತ್ತಿ ದಾರಿ ಬಿಡ್ತೀನಿ. ಹೇಳಿ ಸಾಹೇಬ್ರಿಗೆ, ಇದು ನಮ್ಮನೆ ಅಂತ. ನನ್ನ ಮುಖ ನೋಡ್ಕೊಂಡು ಹೇಳಿ."

ಡ್ರೈವರಣ್ಣ ನೆಲ ನೋಡುತ್ತಾ ಏನೋ ಗೊಣಗಿದ.

"ಸ್ವಲ್ಪ ಜೋರಾಗಿ" ಎಂದರು ಸಾಹೇಬರು.

"ಇಲ್ಲ ಸಾರ್. ನಮಗೆ ಮನೆ ಇಲ್ಲ."

ಇಡೀ ಓಣಿಗೆ ಕೇಳಿಸಿತು. ನನಗೆ ಬೇಕಾಗಿದ್ದುದು ಅದೇ ಮಾತು. ಆದರೂ ಅವನ ಮುಖ ನೋಡಲಾಗದೆ ಫಾರಂ ಕಡೆ ನೋಡಿದೆ, ಸುಳ್ಳೇಕೆ. ಸಾಹೇಬರು ಎಲ್ಲ 'ಹೌದು'ಗಳನ್ನೂ ಹೊಡೆದುಹಾಕಿ ಸಹಿ ಮಾಡಿದರು. ಟೀ ಮಾತ್ರ ಕುಡಿದೇ ಹೋದರು.

ಜನ ಮಂಚ, ಸ್ಟೌವು ಹೊತ್ತುಕೊಂಡು ನಗುತ್ತಾ ಹೊರಟರು. ಡ್ರೈವರಣ್ಣ ಬರಿದಾದ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಹೆಂಡತಿ. ಮನೆ ಸಿಕ್ಕಿತಲ್ಲ ಅಣ್ಣ, ಮುಖ ಯಾಕೆ ಹೀಗೆ ಎಂದು ಕೇಳಿದೆ.

"ಎಲ್ಲರಿಗೂ ಗೊತ್ತಾಗಿಹೋಯ್ತಲ್ಲಮ್ಮ."

"ಎಲ್ಲರಿಗೂ ಮೊದಲೇ ಗೊತ್ತಿತ್ತಣ್ಣ."

"ಗೊತ್ತಿತ್ತು" ಅಂದ ಡ್ರೈವರಣ್ಣ. "ನಾನು ಹೇಳಿರಲಿಲ್ಲ."