ಹಳ್ಳ ದಾಟುವ ದಾರಿ

ಕಚೇರಿಯ ಕಿಟಕಿ ಗಾಜಿನ ಮೇಲೊಂದು ನೊಣ, ಹತ್ತುತ್ತದೆ, ಜಾರುತ್ತದೆ, ಅದರಾಚೆ ಬೀದಿಯಲ್ಲಿ ಓರಿನ್‌ನ ಪಿಕಪ್ ಇನ್ನೂ ಕಾಣುತ್ತಿಲ್ಲ — ಹತ್ತಕ್ಕೆ ಬರ್ತೀನಿ, ಆಮೇಲೆ ನೋಡೋಣ ಅಂದಿದ್ದ, ಹತ್ತೂವರೆಯಾಯಿತು, ತಮ್ಮ ಬರದಿದ್ದರೆ ನನ್ನೊಬ್ಬಳ ಸಹಿಗೆ ಬೆಲೆಯಿಲ್ಲ, ಅಪ್ಪ ಹುಲ್ಲುಗಾವಲನ್ನು ಇಬ್ಬರ ಹೆಸರಿಗೂ ಬರೆದಿಟ್ಟು ಹೋದ, ಪೂರ್ವದ ಬೆಟ್ಟಸಾಲಿಗೂ ಪಶ್ಚಿಮದ ಬೆಟ್ಟಸಾಲಿಗೂ ನಡುವೆ ಬಯಲಾಗಿ ಉಳಿದದ್ದು ಇದೊಂದೇ, ಮಿಕ್ಕದ್ದರಲ್ಲಿ ಮನೆಗಳೆದ್ದಿವೆ. ಮೇಜಿನಾಚೆ ಭೂಸಂರಕ್ಷಣಾ ಟ್ರಸ್ಟಿನ ಮೌರಾ ಅದೇ ಕಾಗದಗಳನ್ನು ಮತ್ತೆ ಜೋಡಿಸುತ್ತಿದ್ದಾಳೆ, ಪಾಪ, ಎರಡು ವರ್ಷ ಇಡೀ ಮೊಂಟಾನಾ ಅಲೆದು ಇದಕ್ಕೆಂದೇ ದುಡ್ಡು ಕೂಡಿಸಿದವಳು, ಚರ್ಚಿನ ಸಭಾಂಗಣದಲ್ಲಿ ಹಣ್ಣು ತುಂಬಿ ಬೇಯಿಸಿದ ಪೈ ಹರಾಜು ಹಾಕಿದಾಗ ನನ್ನ ಸುಟ್ಟಂಚಿನ ಪೈಗೆ ಪಶುವೈದ್ಯ ಇನ್ನೂರು ಡಾಲರ್ ಕೂಗಿದ್ದ, ತಿಂದನೋ ನಾಯಿಗೆ ಹಾಕಿದನೋ. ಮೊದಲ ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಮೌರಾ ಹೇಳಿದ್ದಳು, ಜಮೀನು ನಿಮ್ದೇ ವರ್ನಾ, ದನ ಮೇಯ್ಸಿ, ಹುಲ್ಲು ಕೊಯ್ಕೊಳ್ಳಿ, ತುಂಡು ಮಾಡಿ ಸೈಟ್ ಮಾರೋ ಹಕ್ಕೊಂದನ್ನ ಮಾತ್ರ ನಮಗೆ ಕೊಡಿ, ಅದಕ್ಕೆ ದುಡ್ಡು ಕೊಡ್ತೀವಿ, ಕರಡಿಗಳು ಆ ಬೆಟ್ಟದಿಂದ ಈ ಬೆಟ್ಟಕ್ಕೆ ಓಡಾಡೋಕೆ ದಾರಿ ಉಳೀಲಿ. ಓರಿನ್ ಬಾಗಿಲಿಗೆ ಒರಗಿ ನಕ್ಕಿದ್ದ — ನಮ್ ಕರು ತಿನ್ನೋಕೆ ಬರೋದಕ್ಕೆ ದಾರಿ ಬೇರೆ ಕೇಡು, ತಟ್ಟೆನೂ ನಾವೇ ಇಡ್ಬೇಕಾ ಮೌರಾ? ನಗುವಿನೊಳಗೆ ಉರಿಯಿತ್ತು, ಆ ವರ್ಷ ಹನ್ನೊಂದು ಕರು ಕರಡಿಪಾಲು, ಒಂದೊಂದನ್ನೂ ಅವನೇ ಎತ್ತಿ ತಂದಿದ್ದ, ಅಂಗಿಯ ತೋಳಿನ ರಕ್ತ ಎಷ್ಟು ಒಗೆದರೂ ಹೋಗಲಿಲ್ಲ, ಆಮೇಲೆ ಟ್ರಸ್ಟಿನವರು ಕರುಗಳ ಹೊಲಕ್ಕೆ ವಿದ್ಯುತ್ ಬೇಲಿ ಹಾಕಿಸಿದರು, ಈ ವಸಂತದಲ್ಲಿ ಒಂದೂ ಹೋಗಲಿಲ್ಲ, ಆದರೂ ಇವನು ಹೂಂ ಅನ್ನಲಿಲ್ಲ, ಮನೆ ಕಟ್ಟೋರು ಇದರ ಎರಡರಷ್ಟು ಕೊಡ್ತಾರೆ ವರ್ನಾ, ಅಷ್ಟೇ ಮಾತು, ನಾನೂ ಬಲವಂತ ಮಾಡಲಿಲ್ಲ, ಅರವತ್ತು ದಾಟಿದ ತಮ್ಮನನ್ನು ಕಿವಿ ಹಿಡಿದು ಕೂರಿಸಲಾಗುತ್ತದೆಯೇ.

ಬಾಗಿಲು — ಬಂದ, ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ, ಮೈಯಿಂದ ಒಣಹುಲ್ಲಿನ ವಾಸನೆ. ಮೌರಾ ತಗ್ಗಿದ ದನಿಯಲ್ಲಿ, ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ, ಸರ್ಕಾರದ ದುಡ್ಡು ಬಂತು, ಊರಿನವರದ್ದೂ ಬಂತು, ಹೊರಗಿನ ಒಂದು ಸಂಸ್ಥೆ ಕೊನೇ ಗಳಿಗೇಲಿ ಕೈಕೊಡ್ತು, ಹತ್ತರಲ್ಲಿ ಒಂದು ಪಾಲು ಕಮ್ಮಿ ಬಿದ್ದಿದೆ, ಇವತ್ತು ಸಹಿ ಆಗ್ಲಿಲ್ಲ ಅಂದ್ರೆ ಸರ್ಕಾರದ್ದೂ ವಾಪಸ್ ಹೋಗತ್ತೆ. ಮುಗಿಯಿತು, ಇವನೀಗ ಹ್ಯಾಟು ಹಾಕಿಕೊಂಡು ಏಳುತ್ತಾನೆ, ಏಳಲಿ — ಆ ಕಮ್ಮೀನ ನನ್ ಪಾಲಲ್ಲಿ ಮುರ್ಕೊಳ್ಳಿ, ಅನ್ನುತ್ತಿದ್ದಾನೆ ಓರಿನ್, ಪೆನ್ನಿಗೆ ಕೈ ಚಾಚುತ್ತ, ಹಾಗ್ ನೋಡ್ಬೇಡ ವರ್ನಾ, ನಂಗೇನೂ ಹುಚ್ಚು ಹಿಡಿದಿಲ್ಲ, ಹೋದ ವಾರ ಬೇಲಿ ನೋಡೋಕೆ ಹೋಗಿದ್ದೆ, ಹೆಣ್ಣು ಕರಡಿ, ಹಿಂದೆ ಎರಡು ಮರಿ, ಪಕ್ಕದ ಹೊಸ ಮನೆಗಳ ಹತ್ರ ಬಂತು, ನಾಯಿಗಳು ಬೊಗಳಿದ್ವು, ತಿರುಗ್ತು, ಮಾರನೇ ದಿನವೂ ಹಾಗೇ, ಮೂರನೇ ಬೆಳಿಗ್ಗೆ ನಮ್ ಹುಲ್ಲುಗಾವಲಿನ ಹಳ್ಳಕ್ಕೆ ಇಳೀತು, ನನ್ ಕೈಯಲ್ಲಿ ಬಂದೂಕಿತ್ತು, ನನ್ನ ನೋಡ್ತು, ಒಂದು ಕಾಲು ಎತ್ಕೊಂಡು ನಿಂತೇ ಬಿಡ್ತು, ಹೋಗ್ಲಾ ಬೇಡ್ವಾ ಅನ್ನೋ ಹಾಗೆ. ಆಮೇಲೆ, ಮೌರಾ ಕೇಳುತ್ತಾಳೆ. ಆಮೇಲೇನು, ನಾನೇ ಹಿಂದಕ್ಕೆ ಸರಿದೆ. ಅಷ್ಟು ಹೇಳಿ ಸಹಿ ಹಾಕಿದ, ಪೆನ್ನು ನನ್ನತ್ತ ತಳ್ಳಿ, ನಿನ್ ಪೈಗಿಂತ ಇದೇ ದುಬಾರಿ ಆಯ್ತು ನೋಡು, ಎಂದು ಮುಖ ತಿರುಗಿಸಿಕೊಂಡ, ಕಣ್ಣು ಕಾಣದಿರಲೆಂದು, ನನಗೆ ಗೊತ್ತಾಗುವುದಿಲ್ಲವೇ. ನನ್ನ ಹೆಸರು ಬರೆಯುತ್ತಿದ್ದೇನೆ, ಮುಂದೆ ಅಪ್ಪನ ಹೆಸರು, ಅಕ್ಷರ ಸೊಟ್ಟಗಾಗುತ್ತಿದೆ, ಮೌರಾ ಏನೋ ಹೇಳುತ್ತಿದ್ದಾಳೆ, ಕೇಳಿಸುತ್ತಿಲ್ಲ, ನಾನು ಸಾವಿರ ಸಲ ದಾಟಿದ ಆ ಹಳ್ಳ, ನಾನು ಕಣ್ಣಾರೆ ಕಾಣದ ಆ ಕಾಲು — ಕಂದು ರೋಮ, ಉದ್ದುದ್ದ ಉಗುರು, ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಮತ್ತೆ ಅದೇ, ಎತ್ತಿದ ಕಾಲು, ಕೆಳಗೆ ನೀರು, ಎತ್ತಿದ ಕಾಲು