ಒಂಟಿಗಾಲಿನ ನವಿಲು

ರಂಗಂಪೇಟೆಯ ಬಾಲಮ್ಮನ ಮುಂಗೈ ಮೇಲೆ ಒಂಟಿಗಾಲಿನ ನವಿಲಿನ ಹಚ್ಚೆಯಿತ್ತು. ಹಚ್ಚೆಯವಳು ಎರಡನೇ ಕಾಲಿಗೆ ಸೂಜಿ ಇಡುವಷ್ಟರಲ್ಲಿ ಎಳೆಯ ಬಾಲಮ್ಮ ಅತ್ತು ಕೈ ಕಿತ್ತುಕೊಂಡಿದ್ದಳಂತೆ. ಆ ಕಾಲು ಎಲ್ಲಿ ಹೋಯಿತೆಂದು ಮೊಮ್ಮಗಳು ಭಾಗ್ಯ ಕೇಳಿದಾಗಲೆಲ್ಲ ಮುದುಕಿ ಹೊಸ ಕಥೆ ಕಟ್ಟುತ್ತಿದ್ದಳು. ಭಾಗ್ಯಳ ಮನಸ್ಸಿನಲ್ಲಿ ಕೂತದ್ದು ಒಂದೇ: ಆ ಕಾಲು ಸತ್ತವರ ಊರಿಗೆ ದಾರಿ ನೋಡಲು ಮುಂದೆ ಹೋಗಿದೆ, ಬಂಗಾರ, ಸೀರೆ ಇಲ್ಲೇ ಉಳಿದರೂ ಹಚ್ಚೆ ಮಾತ್ರ ಜೊತೆಗೆ ಬರುತ್ತದೆ.

ದೊಡ್ಡವಳಾಗಿ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಶೇಂಗಾ ಹಿಂಡಿ, ಕುಟ್ಟಿ ಮಾರತೊಡಗಿದಾಗ ಭಾಗ್ಯ ಪ್ರತಿ ಪಾಕೀಟಿನ ಮೇಲೂ ಆ ನವಿಲನ್ನೇ ಪೆನ್ನಿನಿಂದ ಬರೆದಳು. ಸುರಪುರದ ಸಂತೆಯಲ್ಲಿ ಜನ ನವಿಲಿನ ಹಿಂಡಿ ಎಂದೇ ಕೇಳಿ ಒಯ್ಯುತ್ತಿದ್ದರು. ಶಹಾಪುರದ ಅಂಗಡಿಕಾರ ನೀಲಕಂಠ ಅದನ್ನು ತನ್ನಲ್ಲೂ ಮಾರತೊಡಗಿದ. ಕೈ ಯಾಕೆ ನೋಯಿಸಿಕೊಳ್ಳುತ್ತೀ, ಪಾಕೀಟು ನಾನೇ ಛಾಪಿಸುತ್ತೇನೆ ಎಂದ. ಭಾಗ್ಯ ಖುಷಿಯಿಂದ ಒಪ್ಪಿದಳು. ಛಾಪಖಾನೆಯ ರಸೀದಿ ಅವನ ಹೆಸರಿಗೆ, ಅಂಗಡಿಯ ಬಿಲ್ಲೂ ಅವನ ಹೆಸರಿಗೆ. ಕಡೆಗೆ ನವಿಲೂ ಅವನ ಹೆಸರಿಗೇ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಅವನು ಬೇರೆಯವರಿಂದ ಹಿಂಡಿ ಕುಟ್ಟಿಸತೊಡಗಿದ; ಇನ್ನು ಆ ಚಿತ್ರ ಬಳಸಕೂಡದೆಂದು ಭಾಗ್ಯಳಿಗೆ ನೋಟಿಸು ಬಂತು.

ಅವಳು ಅಜ್ಜಿಯ ಕೈಯನ್ನೇ ಸಾಕ್ಷಿಯೆಂದು ವಕೀಲೆ ರಾಬಿಯಾಳ ಮುಂದೆ ಚಾಚಿಸಿದಳು.

"ಗುರುತು ಯಾರ ಮೈಮ್ಯಾಲಿತ್ತಂತ ಕಾಯ್ದೆ ಕೇಳಂಗಿಲ್ಲವ್ವಾ. ಅದನ್ನ ಪಾಕೀಟಿಗೆ ಹಚ್ಚಿ ಮೊದಲು ಮಾರಿದವರು ಯಾರಂತ ಕೇಳ್ತದ. ನೀ ಮಾರಿದ್ದಕ್ಕ ಏನರೆ ಪುರಾವೆ ಅದ ಏನು?"

"ಸಂತ್ಯಾಗ ಬಿಲ್ಲು ಯಾರು ಕೊಡ್ತಾರ್ರಿ ಮೇಡಂ."

ಹಿಂಡಿ ತಿಂದವರು ಪಾಕೀಟು ಬಿಸಾಕಿದ್ದರು. ನೋಂದಣಿ ರದ್ದಿಗೆ ಅರ್ಜಿ ಹಾಕೋಣ, ಹಳೆಯ ಗಿರಾಕಿಗಳನ್ನು ಹುಡುಕು, ವರ್ಷಗಳೇ ಹಿಡಿಯಬಹುದು, ಅಲ್ಲಿಯವರೆಗೆ ನವಿಲು ಬೇಡ ಎಂದು ರಾಬಿಯಾ ತಿಳಿಸಿ ಹೇಳಿದಳು. ಭಾಗ್ಯ ತಲೆಯಾಡಿಸಿದಳು. ಅಳು ಬರಬೇಕಿತ್ತು, ಬರಲಿಲ್ಲ.

ಮುಂದಿನ ಸಂತೆಗೆ ಚಿತ್ರವಿಲ್ಲದ ಪಾಕೀಟು ಇಟ್ಟಳು. ಗುರುತಿಲ್ಲದ ಹೆಂಗಸೊಬ್ಬಳು ಎತ್ತಿ, ತಿರುವಿ, ಕೆಳಗಿಟ್ಟಳು.

"ಇದರ ಮ್ಯಾಲ ನವಿಲಿಲ್ಲಲ್ಲ. ಅಸಲಿದು ಶಹಾಪುರದಾಗ ಸಿಗ್ತದ ಬಿಡು ತಂಗಿ."

ಹೌದ್ರಿ, ಅಂದಳು ಭಾಗ್ಯ.

ಮರುದಿನ ಪಾಕೀಟಿನ ಬಾಯಿ ಹಿಡಿದು ಕೂತ ಬಾಲಮ್ಮ ತನ್ನ ಮುಂಗೈಯನ್ನೇ ನೋಡುತ್ತಿದ್ದಳು.

"ಸತ್ತಾಗ ಜೋಡಿ ಬರೋದು ಇದೊಂದೇ ಅಂದಿದ್ದೆ. ಇದೂ ಅವಂದೇ ಆತೇನ?"

ಭಾಗ್ಯ ಚಮಚದಿಂದ ಹಿಂಡಿ ಸುರಿದಳು.

"ಬಾಯಿ ಅಗಲ ಹಿಡಿ ಆಯಿ, ಚೆಲ್ಲಾಕತ್ತದ."