ನೀಲಿ ಕೋಟು ಅನ್ನುವ ಫೋಲ್ಡರ್

ಪೆರಿಜಾತಳ ಕಂಪ್ಯೂಟರು ಅವಳ ಮದುವೆಯ ಸಾಮಾನಿನ ಜೊತೆ ಬಂದದ್ದು. ಅತ್‌ಬಾಶಿ ಊರಿನಲ್ಲಿ ಹೆಣ್ಣಿನ ಹಿಂದೆ ಪೆಟ್ಟಿಗೆ, ಹಾಸಿಗೆ, ಉಣ್ಣೆಯ ಹಾಸು ಕಳಿಸದ ತಂದೆಯಿಲ್ಲ. ಅವಳಪ್ಪ ಮಾತ್ರ ಹಾಸಿಗೆಗಳ ರಾಶಿಯ ಮೇಲೆ ಇದನ್ನೂ ಹಗ್ಗ ಬಿಗಿದು ಕಳಿಸಿದ್ದ. ಗಂಡಿನ ಮನೆಯ ಮುದುಕಿಯರು ಹಾಸಿಗೆಯ ಹೊಲಿಗೆ ನೋಡುವುದನ್ನು ಬಿಟ್ಟು ಅದನ್ನೇ ಮುಟ್ಟಿ ಮುಟ್ಟಿ ನೋಡಿದ್ದರು.

ಮದುವೆಯಾದ ವಾರದಲ್ಲೇ ಮಾವ ಅವಳನ್ನು ಕರೆದರು. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಯಾವುದಕ್ಕೂ ಒಂದು ಶಿಸ್ತು ಬೇಕು ಅವರಿಗೆ.

"ಮನೇಲಿ ಎಲ್ರಿಗೂ ಅವರವರ ಬಟ್ಟಲು ಇದೆ ನೋಡು ಮಗಳೇ. ಇದ್ರಲ್ಲೂ ಹಾಗೇ ಅವರವರ ಜಾಗ ಮಾಡ್ಕೊಡು. ಒಬ್ಬರ ಸಾಮಾನು ಇನ್ನೊಬ್ಬರು ಕಲಕೋದು ಬೇಡ."

ಕೂತಳು, ಬೆರಳು ನಿಂತುಹೋಯಿತು. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಎತ್ತುವಂತಿಲ್ಲ. ತಾನೇ ಒಂದು ಹೆಸರು ಹುಡುಕಿ ಇಟ್ಟುಕೊಂಡು, ಸಾಯುವ ತನಕ ಅದರಲ್ಲೇ ಸುಧಾರಿಸಬೇಕು. ಬಾಯಿಗೆ ಬರಬಾರದ್ದು ಬೆರಳಿಗೆ ಬರಬಹುದೇ? ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮನೆ ತುಂಬ ನೆಂಟರು, ಎಲ್ಲರ ಕಣ್ಣೂ ಹೊಸ ಸೊಸೆಯ ಮೇಲೆ. ರಗಳೆಯೇ ಬೇಡವೆಂದು ಭಾವನಿಗೆ "ಮೀಸೆಯವರು" ಎಂದು ಹೊಡೆದಳು. ಮಾವ ಆ ವಾರವೆಲ್ಲ ಬೀಗರು ಉಡುಗೊರೆ ಕೊಟ್ಟ ನೀಲಿ ಕೋಟನ್ನು ತೊಟ್ಟು ಓಡಾಡುತ್ತಿದ್ದರು. ಅವರ ಜಾಗಕ್ಕೆ "ನೀಲಿ ಕೋಟು" ಎಂದು ಬರೆದಳು.

ಮಾವ ನಕ್ಕು ಸುಮ್ಮನಾದರು. ಆರು ತಿಂಗಳಾದ ಮೇಲೆ, "ಈ ಯಂತ್ರಕ್ಕೂ ನಾನು ಮಾವನಾ?" ಎನ್ನುತ್ತ ತಾವೇ ಕೂತು ತಮ್ಮ ನಿಜವಾದ ಹೆಸರು ಹಾಕಿಕೊಂಡರು. ಅಲ್ಲಿಂದಾಚೆ ಪರದೆ ಹಚ್ಚಿದರೆ ಕಾಣುತ್ತಿದ್ದದ್ದು ಆ ಹೆಸರೇ. ನೀಲಿ ಕೋಟು ಎಲ್ಲರಿಗೂ ಮರೆತುಹೋಯಿತು. ಆದರೆ ಹೊರಗಿನ ಹೆಸರು ಬದಲಾದರೂ ಕಂಪ್ಯೂಟರಿನ ಒಳಗೆ ಫೋಲ್ಡರಿನ ಹೆಸರು ಮೊದಲ ದಿನದ್ದೇ ಉಳಿಯುತ್ತದೆ. ಮಾವನ ಸಾಮಾನೆಲ್ಲ ಒಂಬತ್ತು ವರ್ಷ ನೀಲಿ ಕೋಟಿನೊಳಗೇ ಬೆಳೆಯುತ್ತ ಬಂತು.

ಆ ಒಂಬತ್ತು ವರ್ಷದಲ್ಲಿ ಮನೆಯಿಂದ ಜನ ಕರಗಿದರು. ಭಾವ ಹೆಂಡತಿಯೊಂದಿಗೆ ರಷ್ಯಾಕ್ಕೆ ಹೋದ. ಬಾಡಿಗೆಗಿದ್ದ ನರ್ಸಮ್ಮ ಮದುವೆಯಾಗಿ ಹೋದಳು. ಯಾರಾದರೂ ಹೋದಾಗಲೆಲ್ಲ ಪೆರಿಜಾತ್ ಅವರ ಖಾತೆಯನ್ನು ತೆಗೆಯುತ್ತಿದ್ದಳು. ಆಗ ಕಂಪ್ಯೂಟರು ಕೇಳುತ್ತಿತ್ತು: ಇವರ ಫೈಲುಗಳನ್ನು ಇಟ್ಟುಕೊಳ್ಳಲೋ, ಅಳಿಸಲೋ? ಪ್ರತಿಸಲವೂ ಅವಳು ಇಟ್ಟುಕೋ ಎಂದೇ ಒತ್ತುತ್ತಿದ್ದಳು. ಹೋದವರ ಬೆನ್ನಿಗೇ ಅವರ ಹಾಸಿಗೆ ಝಾಡಿಸುವುದು ಅವಳ ಕೈಲಾಗದ ಕೆಲಸ. ಹೀಗೆ ಯಜಮಾನರಿಲ್ಲದ ಫೋಲ್ಡರುಗಳು ಒಳಗೆ ತುಂಬಿಕೊಂಡವು.

ಮಾವ ತೀರಿಕೊಳ್ಳುವ ಮೊದಲಿನ ಚಳಿಗಾಲ. ಅವರ ಮಗಳು ಜಿಪಾರ್ ಬಿಶ್ಕೆಕ್‌ನಲ್ಲಿ ಹಡೆದಿದ್ದಳೆಂದು ಅತ್ತೆ ಬಾಣಂತನಕ್ಕೆ ಅಲ್ಲಿಗೆ ಹೋಗಿದ್ದರು. ಪೆರಿಜಾತಳ ಗಂಡ ಎರ್ಮೆಕ್ ಚೀನಾದ ಗಡಿಗೆ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಆಗ ಮಾವನಿಗೆ ತಮ್ಮ ಏಳು ತಲೆಮಾರಿನ ಕಥೆಯನ್ನು ದನಿಯಲ್ಲಿ ಹಿಡಿದಿಡುವ ಮನಸ್ಸಾಯಿತು. ಪೆರಿಜಾತ್ ಮೈಕು ಸಿಕ್ಕಿಸಿ ಹೊರಟರೆ ತಡೆದರು.

"ಎಲ್ಲಿಗೆ ಹೊರಟೆ? ಗೋಡೆಗೆ ಕಥೆ ಹೇಳೋಕೆ ನನಗೇನು ತಲೆ ಕೆಟ್ಟಿದ್ಯಾ? ಚಹಾ ತಗೊಂಬಂದು ಕೂತ್ಕೋ."

ಇಪ್ಪತ್ತೆರಡು ಮಧ್ಯಾಹ್ನ ಅವಳು ಚಹಾ ಬಗ್ಗಿಸುತ್ತ ಕೂತು ಕೇಳಿದಳು. ಆ ಏಳು ಹಿರಿಯರ ಹೆಸರು ಮನೆತನದ ಗಂಡಸರಿಗೆಲ್ಲ ಬಾಯಿಪಾಠ. ಆದರೆ ಯಾರು ಕುದುರೆ ಕಳಕೊಂಡು ಅತ್ತ, ಯಾರು ತಮ್ಮನ ಜೊತೆ ಮಾತು ಬಿಟ್ಟು ಸತ್ತ ಎನ್ನುವುದು ಮಾವನಿಗಷ್ಟೇ ಗೊತ್ತಿತ್ತು.

ಮುಂದಿನ ಶರತ್ಕಾಲದಲ್ಲಿ ಅವರು ಹೋದರು. ನಲವತ್ತು ದಿನವಾದ ಮೇಲೆ ಪೆರಿಜಾತ್ ಆ ದನಿಯ ಮಾತೆತ್ತಿದಾಗ ಅತ್ತೆ ಕೈ ಅಡ್ಡ ಹಿಡಿದರು.

"ಈಗ ಬೇಡ. ಒಬ್ಬಳೇ ಕೂತು ಕೇಳಿದ್ರೆ ನನ್ನ ಎದೆ ತಡ್ಕೊಳ್ಳಲ್ಲ. ವರ್ಷ ತುಂಬಿದ ದಿನ ಆಶ್ ಊಟಕ್ಕೆ ಎಲ್ರೂ ಬರ್ತಾರಲ್ಲ, ಅವರ ನಡುವೆ ಕೂತು ಕೇಳ್ತೀನಿ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ."

ನೆಂಟರಿಗೆಲ್ಲ ಆಗಲೇ ಹೇಳಿಕಳಿಸಿದ್ದೂ ಆಯಿತು. ಮುಟ್ಟಬೇಡಿ ಎಂದದ್ದಕ್ಕೆ ಪೆರಿಜಾತ್ ನಕಲು ಕೂಡ ಮಾಡಿಡಲಿಲ್ಲ. ಹಿರಿಯರ ಮಾತನ್ನು ಅಷ್ಟು ಅಕ್ಷರಶಃ ಪಾಲಿಸುವ ಸೊಸೆಯರೂ ಇರುತ್ತಾರೆ, ಅವರಿಗೆ ಹೊಗಳಿಕೆಯೂ ಸಿಗುತ್ತದೆ, ಪೆಟ್ಟೂ ಬೀಳುತ್ತದೆ.

ಆಶ್‌ಗೆ ಒಂಬತ್ತು ದಿನ ಉಳಿದಿತ್ತು. ಮಗುವನ್ನು ಗಂಡನ ಮನೆಯಲ್ಲಿ ಬಿಟ್ಟು ಜಿಪಾರ್ ಕೆಲಸಕ್ಕೆ ಕೈ ಹಚ್ಚಲು ಬಂದಳು. ಅಪ್ಪನ ಫೋಟೋಗಳನ್ನು ಒಂದರ ಹಿಂದೆ ಒಂದು ಓಡಿಸಿ, ಅವುಗಳ ಜೊತೆ ದನಿ ಹಾಕೋಣವೆಂದು ಅವಳ ಯೋಚನೆ. ಶುರುಮಾಡಿದರೆ ಕಂಪ್ಯೂಟರು ಜಾಗವಿಲ್ಲ ಎಂದಿತು.

"ಏನ್ ಜೆಂಗೆ ಇದು, ಉಣ್ಣೆ ಮೂಟೆ ತುಂಬ್ದಂಗೆ ತುಂಬಿದೀರ?" ಎಂದು ಅತ್ತಿಗೆಯನ್ನು ರೇಗಿಸಿದಳು. "ಹೋದವ್ರ ಸಾಮಾನೆಲ್ಲ ಇಲ್ಲೇ ಕೊಳೀತಿದೆ. ನಾನು ಕ್ಲೀನ್ ಮಾಡ್ಲಾ?"

"ಮಾಡು. ನಮ್ಮ ನಾಲ್ಕು ಜನರದ್ದು ಮಾತ್ರ ಮುಟ್ಟಬೇಡ. ನಂದು, ನಿನ್ನಣ್ಣಂದು, ನಿಂದು, ಆತಾದು."

ಆತಾ ಎಂದರೆ ಅಪ್ಪ, ಆ ಮನೆಯಲ್ಲಿ ಅದು ಮಾವನೊಬ್ಬರೇ. ಜಿಪಾರ್ ತಲೆಯಾಡಿಸಿದಳು. ಪೆರಿಜಾತ್ ಅಂಗಳಕ್ಕೆ ಹೋಗಿ ಪಕ್ಕದ ಮನೆಯ ಹೆಂಗಸರ ಜೊತೆ ಬೂರ್ಸೋಕ್ ಕರಿಯಲು ಕೂತಳು. ಹಿಟ್ಟಿನ ತುಂಡುಗಳು ಎಣ್ಣೆಯಲ್ಲಿ ಉಬ್ಬುತ್ತಿದ್ದವು, ಹರಟೆಯೂ ನಡೆದಿತ್ತು. ಅರ್ಧ ಗಂಟೆಯಾಗಿರಬೇಕು, ಕಿಟಕಿಯಿಂದ ಜಿಪಾರ್ ಕೂಗಿದಳು.

"ಜೆಂಗೆ, ಬನ್ನಿ ಇಲ್ಲಿ! ನಿಮ್ಮ ಕಂಪ್ಯೂಟರಿನ ಹೊಟ್ಟೆ ಇಳಿಸಿದೀನಿ!"

ಪೆರಿಜಾತ್ ಕೈ ಒರೆಸುತ್ತ ಒಳಗೆ ಬಂದಳು.

"ಮೀಸೆಯವರು, ನರ್ಸಮ್ಮ, ನೀಲಿ ಕೋಟು, ಏನ್ ಹೆಸರುಗಳೋ ಇವು! ಮೊದಲ್ನೇ ಪರದೇಲಿ ನೋಡಿದ್ರೆ ಇವರ್ಯಾರೂ ಇಲ್ಲ. ಅದಕ್ಕೇ ಫೋಲ್ಡರ್ ಸಮೇತ ಎಸೆದೆ. ಕಸದ ಬುಟ್ಟಿಗೂ ಹಾಕ್ಲಿಲ್ಲ, ಸೀದಾ ಹೊರಗೆ!"

ಪೆರಿಜಾತ್ ಜಿಪಾರಳನ್ನು ಕುರ್ಚಿಯಿಂದ ಎಬ್ಬಿಸಿ, ಮೊದಲ ಪರದೆಗೆ ಹೋಗಿ, ಮಾವನ ಹೆಸರನ್ನು ಒತ್ತಿದಳು. ತೆರೆದದ್ದು ಬರೀ ಬೋಳು ಪರದೆ. ಅವರು ಹಾಕಿಕೊಂಡಿದ್ದ ಭೂಪಟದ ಚಿತ್ರವಿಲ್ಲ, ಒಂದು ಫೈಲಿಲ್ಲ. ಮೂಲೆಯಲ್ಲಿ ಒಂದು ಚೀಟಿ ಮೂಡಿತು: ನಿಮ್ಮ ಫೈಲುಗಳು ಸಿಗುತ್ತಿಲ್ಲ, ಇದು ತಾತ್ಕಾಲಿಕ ಜಾಗ, ನೀವು ಹೊರಹೋದೊಡನೆ ಇಲ್ಲಿರುವುದೂ ಅಳಿಸಿಹೋಗುತ್ತದೆ.

"ನೀಲಿ ಕೋಟು ಅಂದ್ರೆ ಆತಾ," ಎಂದಳು ಪೆರಿಜಾತ್. "ನಾನೇ ಇಟ್ಟ ಹೆಸರು. ಆಗ ನೀನು ಬಿಶ್ಕೆಕ್‌ನಲ್ಲಿ ಓದ್ತಿದ್ದೆ."

ಜಿಪಾರಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ಕಿರುಚಿದಳು. "ಅಪ್ಪನಿಗೊಂದು ಹೆಸರಿರಲಿಲ್ವಾ? ಬರೆದಿದ್ರೆ ನಿಮ್ಮ ಕೈ ಸೇದಿಹೋಗ್ತಿತ್ತಾ?" ಎಂದವಳು ಅಲ್ಲೇ ನೆಲದ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು. "ಒಳಗೆ ಏನಿದೆ ಅಂತ ನಾನು ಒಂದ್ಸಲ ತೆರೆದು ನೋಡಿದ್ರೆ ಸಾಕಿತ್ತು. ಒಂದೇ ಒಂದ್ಸಲ!"

ಪೆರಿಜಾತ್ ತಂತಿ ಕಿತ್ತಳು. ಮುಂದೆ ಯಾರೂ ಅದನ್ನು ಮುಟ್ಟಬಾರದೆಂದು ಅವಳಿಗೆ ಹೊಳೆದದ್ದು ಅಷ್ಟೇ. ಮರುದಿನ ಬೆಳಿಗ್ಗೆ ಅತ್ತೆಗೆ ಸಾಮಾನು ತರುತ್ತೇವೆಂದು ಹೇಳಿ, ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಇಬ್ಬರೂ ಟ್ಯಾಕ್ಸಿಯಲ್ಲಿ ನಾರಿನ್ ಪೇಟೆಗೆ ಹೋದರು.

ರಿಪೇರಿಯವನು ಸೂರ್ಯಕಾಂತಿ ಬೀಜ ಉಗುಳುತ್ತ ಎಲ್ಲವನ್ನೂ ಕೇಳಿಕೊಂಡ. "ಯಾರು ಮಾಡಿದ್ದು?"

"ನಾನೇ," ಎಂದಳು ಪೆರಿಜಾತ್, ಜಿಪಾರ್ ಬಾಯಿ ತೆರೆಯುವ ಮೊದಲೇ.

ಎರಡು ಗಂಟೆ ಅದರ ಜೊತೆ ಗುದ್ದಾಡಿ ಅವನು ಕೈ ಚೆಲ್ಲಿದ. "ಹಳೇ ಥರದ ಡಿಸ್ಕ್ ಆಗಿದ್ರೆ ಕೆದಕಿ ಏನಾದ್ರೂ ತೆಗೀತಿದ್ದೆ ಅಕ್ಕಾ. ಇದು ಹೊಸ ಥರದ್ದು. ನೀವು ಅಳಿಸಿದ್ರೆ ಸಾಕು, ಆಮೇಲೆ ತಾನೇ ಆ ಜಾಗಾನ ಒರೆಸಿ ಇಡುತ್ತೆ. ಬರೀ ಚೂರುಪಾರು ಫೋಟೋ ಸಿಕ್ತು, ದನಿ ಒಂದೂ ಇಲ್ಲ." ಇಬ್ಬರ ಮುಖ ನೋಡಿ ಅವನ ದನಿ ಮೆತ್ತಗಾಯಿತು. "ಇಂಥ ಕೆಲಸಕ್ಕೆ ಮೊದಲು ಎಲ್ಲಾನೂ ಬೇರೆ ಡಿಸ್ಕಿಗೆ ನಕಲು ಮಾಡ್ಕೋಬೇಕು. ಹೊರಗಿನ ಹೆಸರು ನಂಬಬಾರದು, ಒಂದೊಂದೇ ತೆರೆದು ಒಳಗೆ ಇಣುಕಬೇಕು. ಆಮೇಲೂ ಫೋಲ್ಡರನ್ನ ಕೈಯಿಂದ ಎಳೆದು ಎಸೀಬಾರದು. ವಿಂಡೋಸ್‌ನ ಸೆಟ್ಟಿಂಗ್‌ನಲ್ಲೇ ಬಳಸೋರ ಪಟ್ಟಿ ಇದೆ, ಅದ್ರಲ್ಲಿ ಇವತ್ತಿನ ಹೆಸರೇ ಕಾಣುತ್ತೆ. ಅಲ್ಲಿಂದ ತೆಗೆದ್ರೆ ಎಡವಟ್ಟಾಗಲ್ಲ."

"ಈಗ ಹೇಳಿ ಏನು ಬಂತು?" ಎಂದು ಜಿಪಾರ್ ಸಿಡುಕಿದಳು.

"ನನ್ನ ಹತ್ರ ಜನ ಬರೋದೇ ಎಲ್ಲ ಮುಗಿದ ಮೇಲೆ ತಂಗೀ," ಎಂದ ಅವನು. ದುಡ್ಡು ಬೇಡವೆಂದು ಬೆನ್ನು ತಿರುಗಿಸಿದ.

ಹಿಂತಿರುಗುವಾಗ ಜಿಪಾರ್ ಪಿಸುಗುಟ್ಟಿದಳು. "ಕಂಪ್ಯೂಟರ್ ಕೆಟ್ಟೋಯ್ತು ಅಂತ ಅಂದ್ಬಿಡೋಣ. ಯಂತ್ರ ಕೆಡೋದೇನು ಹೊಸದಾ?"

"ಯಾವತ್ತು ರಿಪೇರಿ ಆಗುತ್ತೆ ಅಂತ ಅಪಾ ದಿನಾ ಕೇಳ್ತಾರೆ. ದಿನಾ ಏನಂತೀಯ?"

ಅಪಾ ಎಂದರೆ ಅಮ್ಮ, ಇಬ್ಬರೂ ಅತ್ತೆಯನ್ನು ಕರೆಯುತ್ತಿದ್ದದ್ದು ಹಾಗೆ. ಪೆರಿಜಾತಳಿಗೆ ದುಃಖಕ್ಕಿಂತ ಹೆದರಿಕೆಯೇ ದೊಡ್ಡದಾಗಿತ್ತು, ಅದಕ್ಕಾಗಿ ನಾಚಿಕೆಯೂ ಆಗುತ್ತಿತ್ತು. ಒಂದು ವರ್ಷ ಅತ್ತೆ ಆ ದನಿಯನ್ನು ನೆನೆದುಕೊಂಡೇ ದಿನ ದೂಡಿದ್ದರು. ಈಗ ಅದನ್ನು ತಾನೇ ಅವರ ಕೈಯಿಂದ ಕಸಿದುಕೊಳ್ಳಬೇಕಿತ್ತು.

ಅತ್ತೆ ಕೋಣೆಯಲ್ಲಿ ಕೂತು, ಆಶ್‌ಗೆ ಬಂದವರಿಗೆ ಹಂಚಲು ಬಟ್ಟೆಯ ತಾನಿನಿಂದ ತುಂಡು ಕತ್ತರಿಸುತ್ತಿದ್ದರು. ಪೆರಿಜಾತ್ ಎದುರಿಗೆ ಮಂಡಿಯೂರಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬಾಗಿಲ ಬಳಿ ನಿಂತ ಜಿಪಾರ್, "ನಾನು ಅಳಿಸಿದ್ದು ಅಪಾ, ಜೆಂಗೆ ಅಲ್ಲ," ಎಂದಳು.

"ಪೂರ್ತಿನಾ?"

"ಪೂರ್ತಿ, ಅಪಾ."

ಕತ್ತರಿ ಇನ್ನೆರಡು ತುಂಡು ಕತ್ತರಿಸಿತು. ಆಮೇಲೆ ಅತ್ತೆ ಮಗಳ ಕಡೆ ನೋಡಿದರು. "ನಾನು ಅಲ್ಲಿ ನಿನ್ನ ಮಗು ತೂಗ್ತಿದ್ದೆ. ಅವರು ಇಲ್ಲಿ ಮಾತಾಡ್ತಿದ್ರು. ಬಂದ ಮೇಲೆ ಕೇಳಬಹುದಿತ್ತು, ಕೇಳ್ಲಿಲ್ಲ. ಸತ್ತ ಮೇಲಾದ್ರೂ ಕೇಳಬಹುದಿತ್ತು, ಬೇಡ ಅಂದೆ. ನೀವು ಅಳಿಸಿದ್ದು ಒಂದ್ಸಲ, ನಾನು ಎರಡ್ಸಲ."

ಬೈಗುಳಕ್ಕೆ ಬೆನ್ನು ಬಗ್ಗಿಸಿ ಕೂತಿದ್ದ ಪೆರಿಜಾತಳಿಗೆ ಈ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಇದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

"ಕೇಳಿಸ್ಕೊಂಡವಳು ನೀನೊಬ್ಬಳೇ ಅಲ್ವಾ?"

"ಹೂಂ."

"ಹಾಗಾದ್ರೆ ಹೇಳು."

ಪೆರಿಜಾತ್ ಹೇಳಿದಳು. ಗಂಡನ ಮನೆಯ ಹಿರಿಯರಾದ್ದರಿಂದ ಏಳರಲ್ಲಿ ಒಬ್ಬರ ಹೆಸರನ್ನೂ ಎತ್ತುವಂತಿಲ್ಲ; ಕುದುರೆ ಕಳಕೊಂಡವರು, ತಮ್ಮನ ಜೊತೆ ಮುನಿದವರು, ಗಿರಣಿ ಕಟ್ಟಿದವರು ಎಂದೇ ಒಬ್ಬೊಬ್ಬರನ್ನೂ ದಾಟಿಸಿದಳು. ಮಾವ ಎಲ್ಲಿ ನಕ್ಕರು, ಎಲ್ಲಿ ಚಹಾ ತಣ್ಣಗಾಗಿದೆಯೆಂದು ಗೊಣಗಿದರು ಎನ್ನುವುದನ್ನೂ ಬಿಡಲಿಲ್ಲ. ಜಿಪಾರ್ ಮೆಲ್ಲಗೆ ಬಂದು ತಾಯಿಯ ಪಕ್ಕ ಕೂತಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಏಳನೆಯವರ ಕಥೆಯೂ ಮುಗಿಯಿತು.

ಅತ್ತೆ ಕತ್ತರಿಸಿದ ತುಂಡುಗಳನ್ನು ಮಡಿಸಿ ಮಡಿಸಿ ಜೋಡಿಸುತ್ತಿದ್ದರು. ತಲೆಯೆತ್ತದೆ ಕೇಳಿದರು.

"ನನ್ನ ಮಾತೇನಾದ್ರೂ ಬಂತಾ?"

"ಬಂತು ಅಪಾ. ಕೊನೇ ದಿನ. ಏಳೂ ಮುಗಿದಿತ್ತು. ಆರಿಸು ಅಂದ್ರು, ಆರಿಸೋಕೆ ಹೋದ್ರೆ ಬೇಡ ತಾಳು ಅಂದ್ರು. 'ಈ ಏಳು ಜನರ ಕಥೇಲಿ ಒಂದು ಹೆಂಗಸಿನ ಹೆಸರೂ ಇಲ್ಲ ನೋಡು. ನಂದು ಎಂಟನೇದು. ನನ್ನ ಕಥೇಲಿ ಒಂದಿರಲಿ' ಅಂದ್ರು. ಆಮೇಲೆ ನಿಮ್ಮನ್ನ ಕರೆದ್ರು. 'ನೀನಿಲ್ದೆ ಮನೆ ಬೆಚ್ಚಗೇ ಆಗ್ತಿಲ್ಲ, ಬೇಗ ಬಾ' ಅಂದ್ರು. ನೀವು ಎದುರಿಗೆ ಇದ್ದ ಹಾಗೇ ಅಂದ್ರು."

"ಮುದುಕಿ ಅಂತ ಕರೆದಿರ್ತಾರೆ. ನಲವತ್ನಾಲ್ಕು ವರ್ಷ ಅದನ್ನೇ ಅಂದಿದ್ದು. ಮದುವೆಯಾದಾಗ ನನಗೆ ಹತ್ತೊಂಬತ್ತು, ಆಗ್ಲೂ ಮುದುಕೀನೇ."

"ಅಲ್ಲ ಅಪಾ. ಹೆಸರು ಹಿಡಿದು ಕರೆದ್ರು."

ಮಡಿಸುತ್ತಿದ್ದ ಕೈ ನಿಂತಿತು. "ಏನಂತ?"

ಪೆರಿಜಾತ್ ತಲೆ ತಗ್ಗಿಸಿದಳು. ಅತ್ತೆಯ ಹೆಸರು ಹತ್ತು ವರ್ಷದಲ್ಲಿ ಅವಳ ನಾಲಿಗೆಯ ಮೇಲೆ ಹಾದದ್ದಿಲ್ಲ.

"ನೀನು ಹೇಳಬಾರದು ಅಂತ ನಂಗೆ ಗೊತ್ತು," ಎಂದರು ಅತ್ತೆ. "ಆದ್ರೆ ಅವರ ಬಾಯಲ್ಲಿ ನಾನದನ್ನ ಒಂದ್ಸಲಾನೂ ಕೇಳಿಲ್ಲ ಕಣೇ. ಅವರು ಹೇಗೆ ಕರೆದ್ರೋ ಹಾಗೇ ಹೇಳು."

"ಸಲ್ಕಿನಾಯ್," ಎಂದಳು ಪೆರಿಜಾತ್. ಮಾವ ಕರೆದಂತೆಯೇ, ಕೊನೆಯನ್ನು ಸ್ವಲ್ಪ ಎಳೆದು.

ಜಿಪಾರ್ ಅಳುತ್ತಿದ್ದಳು, ಅತ್ತೆ ಅಳಲಿಲ್ಲ. ಕಣ್ಣು ಎದುರಿನ ಖಾಲಿ ಹಾಸಿನ ಮೇಲಿತ್ತು.

"ಕಿದಿರಾಲಿ," ಎಂದರು.

ಗಂಡನ ಹೆಸರು ಅವರಿಗೆ ಹೇಳಿ ಅಭ್ಯಾಸವಿರಲಿಲ್ಲ, ನಡುವೆ ತೊದಲಿತು. ಇನ್ನೊಮ್ಮೆ ಕರೆದರು. ಎರಡನೆಯ ಸಲ ಸರಿಯಾಗಿ ಬಂತು.